ಸಂಕ್ರಾಂತಿ, ಲಗ್ನದ ಹಂಗಾಮಿಗೆ ಕರಿ ಚಂದ್ರಕಾಳಿ, ಖಣದ ಕುಬಸ: ಕೊಳ್ಳುವ ಮೊದಲು ಸೆರಗು ನೋಡಿ

ಕುಣಿಕೋಣೂರ (ತಾ. ಜತ್ತ): ತುಳಸಿ ಲಗ್ನ ಮುಗಿಯಿತೆಂದರೆ ನಮ್ಮ ಭಾಗದಲ್ಲಿ ಲಗ್ನಗಳ ಹಂಗಾಮು ಆರಂಭ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರ ದಾನಮ್ಮನ ಜಾತ್ರೆ, ಆಮೇಲೆ ಜತ್ತದ ಯಲ್ಲಮ್ಮನ ಜಾತ್ರೆ, ಜನವರಿಯಲ್ಲಿ ಸಂಕ್ರಾಂತಿ, ಅಲ್ಲಿಂದ ರಥಸಪ್ತಮಿವರೆಗೆ ಮನೆ ಮನೆಗಳಲ್ಲಿ ಅರಿಷಿಣ-ಕುಂಕುಮ. ಈ ಸಲದ ಫ್ಯಾಶನ್ ಏನು ಎಂದು ಕೇಳುವ ಸಹೋದರಿಯರಿಗೆ ಒಂದು ಸಮಾಧಾನದ ಸುದ್ದಿ ಇದೆ. ಅದು ನಿಮ್ಮ ಅಜ್ಜಿಯ ಟ್ರಂಕಿನಲ್ಲೇ ಇರಬಹುದು.

ಪುಣೆ, ಮುಂಬಯಿ ಅಂಗಡಿಗಳಲ್ಲಿ ಕೆಲವು ವರ್ಷಗಳಿಂದ ‘ಖಣ’ ಮತ್ತು ‘ಇರಕಲ್’ ಎಂಬ ಹೆಸರು ಜೋರಾಗಿ ಓಡುತ್ತಿದೆ. ಇರಕಲ್ ಬೇರೇನೂ ಅಲ್ಲ, ನಮ್ಮ ಇಳಕಲ್ಲ ಸೀರೆ. ಖಣ ಬಾಗಲಕೋಟ ಜಿಲ್ಲೆಯ ಗುಳೇದಗುಡ್ಡದ್ದು. ಎರಡಕ್ಕೂ ಜಿಐ ಮಾನ್ಯತೆ ಸಿಕ್ಕಿದೆ. ಕೃಷ್ಣೆಯ ದಂಡೆಯ ಕಡೆ ನೇಯ್ದದ್ದನ್ನು ಇಲ್ಲಿಯ ಮರಾಠಿ ಅಜ್ಜಿ, ಕನ್ನಡ ಅಜ್ಜಿ ಇಬ್ಬರೂ ಹದಿನೆಂಟು ಮೊಳ ಕಚ್ಚೆ ಹಾಕಿ ಉಟ್ಟವರೇ. ಈಗ ಅದೇ ಬಟ್ಟೆ ಪೇಟೆ ಸುತ್ತಿ ಹೊಸ ಬೆಲೆಯಲ್ಲಿ ನಮ್ಮ ಊರಿಗೆ ಮರಳಿದೆ.

ಬಣ್ಣದ ಮಾತಿಗೆ ಬರೋಣ. ಅಮೆರಿಕದ ಪ್ಯಾಂಟೋನ್ ಕಂಪನಿ 2025ರ ಬಣ್ಣವೆಂದು ಸಾರಿದ್ದು ‘ಮೋಕಾ ಮೂಸ್’ ಎಂಬ ಕಂದು. ಜತ್ತದವರಿಗೆ ಅದು ಬೇಸಿಗೆಯಲ್ಲಿ ದಿನಾ ಕಾಣುವ ನೆಲದ ಬಣ್ಣ, ದುಡ್ಡು ಕೊಟ್ಟು ಉಡಬೇಕಾಗಿಲ್ಲ! ಇಳಕಲ್ಲಿನ ಹಳೆಯ ಬಣ್ಣಗಳಾದ ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು ನಮ್ಮ ಬಿಸಿಲಿನಲ್ಲಿ ಹೆಚ್ಚು ಒಪ್ಪುತ್ತವೆ.

ಸಂಕ್ರಾಂತಿಗೆ ಮಾತ್ರ ಕಪ್ಪು. ಇಲ್ಲೊಂದು ಗಡಿಯ ತಕರಾರು ಇದೆ. ಮರಾಠಿ ಮನೆಗಳಲ್ಲಿ ಹೊಸ ಸೊಸೆ ಮೊದಲ ಸಂಕ್ರಾಂತಿಗೆ ಕರಿ ಸೀರೆ ಉಟ್ಟು ಕುಸುರೆಳ್ಳಿನ ಆಭರಣ ಹಾಕಿಕೊಳ್ಳಬೇಕು. ಕನ್ನಡ ಮನೆಯ ಹಿರಿಯರು ಹಬ್ಬಕ್ಕೆ ಕಪ್ಪು ಬೇಡ ಎನ್ನುತ್ತಾರೆ. ಇಬ್ಬರನ್ನೂ ಒಪ್ಪಿಸುವ ಸೀರೆ ಚಂದ್ರಕಾಳಿ. ಕರಿ ಒಡಲು, ಕೆಂಪು ಸೆರಗು, ಮೇಲೆ ಕಸೂತಿಯ ತೇರು, ಗೋಪುರ, ಆನೆ. ಧಾರವಾಡದ ಕಡೆ ಅದು ಮಂಗಲ ಕಾರ್ಯದ ಸೀರೆಯೇ, ಆದ್ದರಿಂದ ಅತ್ತೆಯವರಿಗೂ ತಾಯಿಯವರಿಗೂ ಬೇಸರವಾಗದು.

ಇನ್ನು ಖರೀದಿ. ಪೇಟೆಯಲ್ಲಿ ಸಿಗುವ ‘ಇರಕಲ್’, ‘ಖಣ ಸಾಡಿ’ಗಳಲ್ಲಿ ಬಹಳಷ್ಟು ಪಾವರ್‌ಲೂಮಿನವು, ಪಾಲಿಸ್ಟರ್ ಬೆರೆತವು. ಕಡಿಮೆ ಬೆಲೆಗೆ ಅವನ್ನು ತಿಳಿದೇ ಕೊಂಡರೆ ತಪ್ಪಿಲ್ಲ. ಕೈಮಗ್ಗದ ಬೆಲೆ ಕೊಟ್ಟು ಅವನ್ನು ತಂದರೆ ನಿಮ್ಮ ಹಣವೂ ಹೋಯಿತು, ನೇಕಾರನ ಕೂಲಿಯೂ ಹೋಯಿತು. ಆದ್ದರಿಂದ ಮೊದಲು ಸೆರಗು ಬಿಡಿಸಿ ನೋಡಿ. ಅಸಲು ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡಿಕೆಯ ಸಾಲು ಕಣ್ಣಿಗೆ ಕಾಣುತ್ತದೆ, ಬೆರಳಿಗೂ ಹತ್ತುತ್ತದೆ. ಹಾಸು ಬೇರೆಯಾದ್ದರಿಂದ ಸೆರಗಿನ ಕೆಂಪಿನಲ್ಲಿ ಒಡಲಿನ ಬಣ್ಣ ಬೆರೆಯುವುದಿಲ್ಲ. ಒಡಲಿನ ಎಳೆಯೇ ಸೆರಗಿಗೂ ಓಡಿದ್ದರೆ ಅದು ಬೇರೆ ಮಾಲು. ಸೆರಗಿನ ಬಿಳಿ ಚಿತ್ತಾರಕ್ಕೆ ತೋಪ ತೆನಿ ಎನ್ನುತ್ತಾರೆ, ಜೋಳದ ತೆನೆಯಂತೆ ಇರುವುದರಿಂದ. ಜೋಳ ಬೆಳೆಯುವ ನಮಗೆ ಅದರ ಗುರುತು ಹೇಳಬೇಕೆ?

2006ರಲ್ಲಿ ಆರಂಭವಾದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ಎಂದೂ ಕೇಳಿ. ಸೆರಗಿನ ರೇಶ್ಮೆ ಅಸಲೋ ‘ಚಮಕಾ’ ಎಂಬ ನಕಲಿ ರೇಶ್ಮೆಯೋ ಎಂದು ಕೇಳಲು ನಾಚಬೇಡಿ, ಬೆಲೆಯ ಅಂತರ ಅಲ್ಲೇ ಇದೆ. ಮನೆಗೆ ತಂದ ಮೇಲೆ ಅಂಚಿನ ಒಂದು ಎಳೆ ಸುಟ್ಟು ನೋಡಬಹುದು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಉಡುವ ರೀತಿ ಸರಳ. ಖಣದ ಕುಬಸಕ್ಕೆ ಬುಟ್ಟಾ ಇಲ್ಲದ ಸಾದಾ ಸೀರೆ ಚೆನ್ನ. ಖಣದ ಮೇಲೆ ಖಣ ಉಟ್ಟರೆ ಕಣ್ಣಿಗೆ ಭಾರ. ಕರಿ ಸೀರೆಗೆ ಬೆಳ್ಳಿ, ಕೆಂಪು-ಹಸಿರಿಗೆ ಬೋರಮಾಳ, ತುಶಿ. ಕಾಲೇಜು ಹುಡುಗಿಯರು ಸಾದಾ ಕುರ್ತಾದ ತೋಳಿಗೆ, ಕೊರಳಿಗೆ ಖಣದ ಪಟ್ಟಿ ಹಚ್ಚಿಸಬಹುದು. ಹೊಲಿಯಲು ಕೊಡುವ ಮೊದಲು ಖಣವನ್ನು ಒಂದು ರಾತ್ರಿ ತಣ್ಣೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಬಸ ಬಿಗಿಯಾಗುತ್ತದೆ.

ಮುಖ್ಯವಾಗಿ, ಹಳೆಯ ಸೀರೆಗಳನ್ನು ಸ್ಟೀಲಿನ ಪಾತ್ರೆಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಒಡಲು ಹರಿದಿದ್ದರೂ ದಡಿ, ಸೆರಗು ಗಟ್ಟಿ ಇರುತ್ತವೆ. ಅವನ್ನು ಬಿಡಿಸಿ ಸಾದಾ ಸೀರೆಗೆ ಹಚ್ಚಿದರೆ ಪೇಟೆಯಲ್ಲಿ ಸಿಗದ ಸೀರೆಯಾಗುತ್ತದೆ. ಒಂದು ಡಬ್ಬಿಗೆ ಅಜ್ಜಿಯ ಇಳಕಲ್ಲ ಕೊಟ್ಟು, ಮರುವರ್ಷ ಸಾವಿರಾರು ರೂಪಾಯಿ ಸುರಿದು ಅಂಥದ್ದೇ ಹುಡುಕುವುದು ಜಾಣತನವಲ್ಲ.

ಸೌಂದರ್ಯದ ವಿಷಯದಲ್ಲಿ ಎರಡೇ ಎಚ್ಚರಿಕೆ. ಹೆಸರು, ತಯಾರಕರ ವಿಳಾಸ ಇಲ್ಲದ ‘ಬೆಳ್ಳಗಾಗುವ’ ಕ್ರೀಮ್ ಮುಟ್ಟಬೇಡಿ. ಇಂಥ ಕ್ರೀಮಿನ ಪಾದರಸದಿಂದ ಅಕೋಲೆಯ ಒಂದೇ ಕುಟುಂಬದ ಮೂವರ ಮೂತ್ರಪಿಂಡಕ್ಕೆ ತೊಂದರೆಯಾದದ್ದು 2023ರಲ್ಲಿ ಬೆಳಕಿಗೆ ಬಂತು. ಚಳಿಗೆ ಒಡೆದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸಾಕು. ಇನ್ನೊಂದು, ಅರ್ಧ ತಾಸಿನಲ್ಲಿ ಕಪ್ಪಾಗುವ ‘ಕರಿ ಮೆಹಂದಿ’. ಅದರಲ್ಲಿ ಕೂದಲು ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ, ಕೈಯಲ್ಲಿ ಗುಳ್ಳೆ ಏಳಬಹುದು. ಎಲೆಯ ಮೆಹಂದಿ ಮೊದಲು ಕಿತ್ತಳೆ ಬಣ್ಣ ಕೊಟ್ಟು ಒಂದೆರಡು ದಿನಗಳಲ್ಲಿ ಗಾಢವಾಗುತ್ತದೆ. ಆದ್ದರಿಂದ ಅರಿಷಿಣ ಹಚ್ಚುವ ದಿನಕ್ಕೆ ಕಾಯದೆ, ಲಗ್ನಕ್ಕೆ ಎರಡು ದಿನ ಮೊದಲೇ ಹಾಕಿಸಿಕೊಳ್ಳಿ.