ಉಣ್ಣುವ ಮುನ್ನ ಒಂದು ಹೆಸರು

ಎಳ್ಳ ಅಮಾವಾಸ್ಯೆಯ ದಿನ ನಮ್ಮ ರಾಯಚೂರು ಸೀಮೆಯಲ್ಲಿ ಮನೆಯಲ್ಲಿ ಕೂತು ಉಣ್ಣುವವರು ಕಡಿಮೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು ಎಲ್ಲವನ್ನೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಆಯ್ದಿಟ್ಟು, ಸುಣ್ಣ ಹಚ್ಚಿ, ಕುಂಕುಮ ಇಟ್ಟರೆ ಅವರು ಪಾಂಡವರು. ಅವರಿಗೆ ಎಡೆ ಹಿಡಿದು, ಆ ಅಡುಗೆಯನ್ನೇ ಹೊಲದ ತುಂಬ ಚರಗವಾಗಿ ಚೆಲ್ಲಿ ಬಂದ ಮೇಲೆಯೇ ಬುತ್ತಿಯ ಗಂಟು ಬಿಚ್ಚುವುದು.

ಯಾಪಲದಿನ್ನಿಯ ನಮ್ಮ ಎರೆಹೊಲದಲ್ಲಿ, ಆರೇಳು ವರ್ಷದವನಿದ್ದಾಗ, ಚರಗ ಚೆಲ್ಲುವ ಮೊದಲೇ ನಾನು ಹೋಳಿಗೆಗೆ ಕೈ ಹಾಕಿದ್ದೆ. ಅಜ್ಜಿ ಬೈಯಲಿಲ್ಲ. ಕೈ ಹಿಡಿದು, ಕಲ್ಲುಗಳ ಕಡೆ ತೋರಿಸಿ ಅಂದಳು: “ತಡಿಯಪ. ದಂಡಿಗೆ ಹೋದವರು ಅವರು. ಮೊದಲ ಅವರು ಉಣ್ಲಿ.”

ಆ ಮಾತಿನ ಅಳತೆ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ಒಂದು ಕಲ್ಲಿನ ಮುಂದೆ ನಿಂತಾಗ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಕಲ್ಲು ಅದು. ಕಾಲ ಶಕ 872, ಅಂದರೆ ಕ್ರಿ.ಶ. 949-50. ಒಂದು ನಾಯಿ ಮತ್ತು ಒಂದು ಕಾಡುಹಂದಿ ಎದುರುಬದುರಾಗಿ ಸೆಣಸುತ್ತಿವೆ. ಸುತ್ತ ಹಳಗನ್ನಡದ ಅಕ್ಷರ.

ಕತೆ ಹೀಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಶಾಸನದ ಮಾತಿನಲ್ಲಿ ಕನ್ನರದೇವ, ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದ. ಚೋಳ ರಾಜಾದಿತ್ಯ ಅಲ್ಲಿ ಮಡಿದ. ಕೃಷ್ಣನ ಕಡೆಯ ಗಂಗ ಬೂತುಗನ ಆಳು ಮಣಲೆರ ಅಂದು ಮುಂದೆ ನಿಂತು ಕಾದಿದ್ದ. ಮೆಚ್ಚಿದ ಒಡೆಯ ‘ಬೇಡು’ ಅಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೊಂದು ದಿನ ದೊಡ್ಡ ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಆತಕೂರಿನ ಈಶ್ವರ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆಮೇಲೆ ಒಂದು ಕಟ್ಟಳೆ ಬರೆಸಿದರು: ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ.

ಪೂಜಿಸದೆ ಉಣ್ಣಬಾರದು. ಅಜ್ಜಿ ಹೇಳಿದ್ದು ಇದನ್ನೇ ಅಲ್ಲವೇ? ಸತ್ತವರನ್ನು ವರ್ಷಕ್ಕೊಮ್ಮೆ ನೆನೆಯಿರಿ ಎಂದು ಆ ಕಲ್ಲು ಹೇಳುತ್ತಿಲ್ಲ. ಹಸಿವಾದಾಗಲೆಲ್ಲ ನೆನೆಯಿರಿ ಎನ್ನುತ್ತಿದೆ. ಹಸಿವು ದಿನಾ ಆಗುತ್ತದೆ, ಆದ್ದರಿಂದ ನೆನಪೂ ದಿನದ ಕೆಲಸ.

ಆತಕೂರಿನದರಂಥ ವೀರಗಲ್ಲು ಎಂದರೆ ನಾವು ಬರೀ ಶಿಲ್ಪ ಎಂದುಕೊಳ್ಳುತ್ತೇವೆ. ನಮ್ಮ ಕಡೆಯ ಅಗಸಿ, ಹನುಮಪ್ಪನ ಗುಡಿ, ಬಾವಿಕಟ್ಟೆಗಳ ಬಳಿ ಅರ್ಧ ಹೂತ ಇಂಥ ಕಲ್ಲುಗಳಿಗೆ ಎಣ್ಣೆ ಸುರಿದು ಕೈ ಮುಗಿಯುತ್ತೇವೆ, ಯಾರ ಕಲ್ಲೆಂದು ಕೇಳುವುದಿಲ್ಲ. ಮಣ್ಣು ಒರೆಸಿ ನೋಡಿದರೆ ಸಾಮಾನ್ಯವಾಗಿ ಮೂರು ಪಟ್ಟಿಕೆ ಕಾಣುತ್ತವೆ. ಕೆಳಗಿನದರಲ್ಲಿ ಕಾಳಗ: ಕತ್ತಿ, ಬಿಲ್ಲು, ಕೆಲವೆಡೆ ಕುದುರೆ, ತುರುಗೊಳ್ಳುವ ಕಲ್ಲಾದರೆ ದನಗಳ ಹಿಂಡು. ನಡುವೆ ಅಪ್ಸರೆಯರು ವೀರನ ರಟ್ಟೆ ಹಿಡಿದು ಮೇಲಕ್ಕೊಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೈ ಮುಗಿದು ಕೂತಿರುತ್ತಾನೆ, ನೆತ್ತಿಯ ಮೇಲೆ ಸೂರ್ಯ ಚಂದ್ರ. ಮನುಷ್ಯನ ಕೊನೆಯ ದಿನವನ್ನು ಕೆಳಗಿನಿಂದ ಮೇಲಕ್ಕೆ ಓದಿಸುವ ಕ್ರಮವಿದು. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಒಮ್ಮೊಮ್ಮೆ ಎರಡು ಮೂರು ಸಾಲು ಬರಹ: ಇಂಥ ಊರಿನ ಇಂಥವನ ಮಗ, ಇಂಥ ಕಾಳಗದಲ್ಲಿ ಸತ್ತ. ಅರಸರ ಪ್ರಶಸ್ತಿಗಳಲ್ಲಿ ಎಂದೂ ಜಾಗ ಸಿಗದ ಆಳುಮಕ್ಕಳ ಹೆಸರು ಉಳಿದಿರುವುದು ಈ ಅಂಚುಗಳಲ್ಲೇ. ಆರ್. ಶೇಷಶಾಸ್ತ್ರಿಗಳು ‘ಕರ್ನಾಟಕದ ವೀರಗಲ್ಲುಗಳು’ ಎಂದು ಇವುಗಳ ಮೇಲೆ ಒಂದು ಗ್ರಂಥವನ್ನೇ ಬರೆದಿದ್ದಾರೆ. ಅಗಸಿಯ ಕಲ್ಲನ್ನು ದಾಟಿ ಶಾಲೆಗೆ ಹೋಗುವ ಪ್ರತಿ ಮಗುವಿಗೂ ಅದರ ಸಾರ ತಿಳಿಯಬೇಕು ಎಂಬುದು ನನ್ನ ಆಸೆ.

ಕಲ್ಲಿನ ಹಿಂದೆ ಒಂದು ವ್ಯವಸ್ಥೆಯೂ ಇತ್ತು. ಸತ್ತವನ ಮನೆಗೆ ಬಿಟ್ಟ ಭೂಮಿ ನೆತ್ತರುಗೊಡಗೆ. ಕಲ್ಲು ನೆಡಿಸಿ ಅದರ ಹೆಸರಿನಲ್ಲಿ ಕೊಟ್ಟದ್ದು ಕಲ್ನಾಡು. ಗೆದ್ದು ಬಂದವನ ಕತ್ತಿ ತೊಳೆದು ಕೊಟ್ಟದ್ದು ಬಾಳ್ಗಚ್ಚು. ಮಣಲೆರನಿಗೆ ಆತಕೂರು ದಕ್ಕಿದ್ದು ಬಾಳ್ಗಚ್ಚಾಗಿಯೇ. ಕನ್ನಡದ ಹಳೆಯ ಶಾಸನವೆಂದು ನಾವು ಹೆಮ್ಮೆಪಡುವ ಹಲ್ಮಿಡಿಯ ಕಲ್ಲೂ ಕಾದಿದವನೊಬ್ಬನಿಗೆ ಬಾಳ್ಗಳ್ಚು ಕೊಟ್ಟ ಲೆಕ್ಕವೇ. ನಮ್ಮ ನುಡಿ ಕಲ್ಲಿನ ಮೇಲೆ ಬಾಯಿ ತೆರೆದದ್ದೇ ಒಬ್ಬ ಸೈನಿಕನ ಋಣ ಹೇಳಲಿಕ್ಕೆ.

ಋಣಕ್ಕೆ ಹಳಗನ್ನಡದಲ್ಲಿದ್ದ ಒಂದು ಮಾತು ನಮ್ಮ ಸೀಮೆಯವರ ಎದೆಗೆ ನೇರ ನಾಟುತ್ತದೆ: ಜೋಳವಾಳಿ. ಪಂಪನಲ್ಲಿ ‘ಜೋಳದ ಪಾಳಿ’ ಎಂದು ಬರುತ್ತದೆ. ಒಡೆಯನ ಜೋಳ ಉಂಡ ಆಳು ಹೊತ್ತು ಬಂದಾಗ ಅವನಿಗಾಗಿ ಪ್ರಾಣ ಕೊಡುವ ಪಾಳಿ ಅದು. ಎಂ. ಚಿದಾನಂದಮೂರ್ತಿಯವರು ಶಾಸನಗಳನ್ನು ಶೋಧಿಸಿ ಜೋಳವಾಳಿ, ವೇಳೆವಾಳಿ, ಲೆಂಕವಾಳಿಗಳ ಅರ್ಥವನ್ನು ಬಿಡಿಸಿಟ್ಟರು. ವೇಳೆವಾಳಿ, ಲೆಂಕವಾಳಿಗಳಲ್ಲಿ ಒಡೆಯ ಸತ್ತರೆ ತಾನೂ ಸಾಯುವ ಭಾಷೆ ಇತ್ತು. ಹಳೇಬೀಡಿನ ಹೊಯ್ಸಳೇಶ್ವರದ ಬಳಿಯ ಕುವರ ಲಕ್ಷ್ಮನ ಕಂಬ ಅಂಥ ಸಾವಿನ ಗುರುತು. ಅದನ್ನು ನೋಡಿದಾಗ ನನಗೆ ಹೆಮ್ಮೆಗಿಂತ ಸಂಕಟ ಹೆಚ್ಚು. ಜೋಳವಾಳಿ ಬೇರೆ. ಉಂಡವನ ಮೇಲೆ ಉಣಿಸಿದವನ ಋಣ ಇರುವಂತೆ, ಕಾದು ಸತ್ತವನ ಋಣ ಊರಿನ ಮೇಲೆ ಬರುತ್ತದೆ.

ಈ ಲೆಕ್ಕ ರಾಯಚೂರಿನ ನೆಲದಲ್ಲಿ ಇನ್ನೊಂದು ರೂಪದಲ್ಲಿ ಬರೆಯಲ್ಪಟ್ಟಿತು. ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ಶತಮಾನಗಳ ಕಾಲ ದಂಡುಗಳು ಬಂದವು. 1520ರ ಮೇ 19ರಂದು ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್‌ಶಾಹನ ಸೈನ್ಯಗಳು ಇಲ್ಲಿ ಎದುರಾದದ್ದು ಎಲ್ಲರಿಗೂ ಗೊತ್ತು. ಗೊತ್ತಿರಬೇಕಾದ ಇನ್ನೊಂದು ವರ್ಷ 1853. ನಿಜಾಮರ ಹೆಸರಿನಲ್ಲಿ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯ ಇತ್ತು. ಅದರ ಪಗಾರ ಬಾಕಿ ಬೆಳೆದು ಸಾಲವಾಯಿತು. ಸಾಲಕ್ಕೆ ಮತ್ತು ಮುಂದಿನ ಪಗಾರಕ್ಕೆ ಎಂದು ಬೇರಾರ್, ಧಾರಾಶಿವದ ಜೊತೆ ರಾಯಚೂರು ದೋಆಬನ್ನೂ ಕಂಪನಿಯ ಕೈಗೆ ಒಪ್ಪಿಸಿದರು. 1860ರಲ್ಲಿ ದೋಆಬು ನಿಜಾಮರಿಗೆ ಮರಳಿತು. ಆ ಏಳು ವರ್ಷ ಇಲ್ಲಿನ ರೈತ ಕಟ್ಟಿದ ಕಂದಾಯ ಸಿಪಾಯಿಗಳ ಪಗಾರದ ಲೆಕ್ಕಕ್ಕೆ ಹೋಯಿತು. ಜೋಳವಾಳಿ ಎಂಬ ಮಾತು ಮರೆತುಹೋಗಿತ್ತು, ಆದರೆ ಆ ಸಿಪಾಯಿಗಳು ಉಂಡದ್ದರಲ್ಲಿ ನಮ್ಮ ಜೋಳವೂ ಇತ್ತು.

ಆ ಕಂಟಿಂಜೆಂಟಿನ ಕಾಲಾಳು ಪಲಟನ್‌ಗಳೇ 1922ರ ಹೊತ್ತಿಗೆ 19ನೇ ಹೈದರಾಬಾದ್ ರೆಜಿಮೆಂಟ್ ಆದವು. ಕೊಡಗಿನ ಕೆ.ಎಸ್. ತಿಮ್ಮಯ್ಯ ಸೇರಿದ್ದು ಇದರ ನಾಲ್ಕನೇ ಪಲಟನ್‌ಗೆ. ಅಷ್ಟರಲ್ಲಿ ಜವಾನರು ಹೆಚ್ಚಾಗಿ ಕುಮಾವೂಂ ಗುಡ್ಡಗಾಡಿನವರು, ಹರಿಯಾಣದ ಅಹೀರರು ಆಗಿದ್ದರು. 1945ರ ಅಕ್ಟೋಬರ್ 27ರಂದು ಹೆಸರೂ ಬದಲಾಗಿ ಕುಮಾವೂಂ ರೆಜಿಮೆಂಟ್ ಆಯಿತು. ಮೊದಲ ಪರಮವೀರ ಚಕ್ರದ ಮೇಜರ್ ಸೋಮನಾಥ ಶರ್ಮಾ 1947ರ ನವೆಂಬರ್ 3ರಂದು ಬಡ್ಗಾಮಿನಲ್ಲಿ ಮಡಿದದ್ದು ಈ ರೆಜಿಮೆಂಟಿನ ನಾಲ್ಕನೇ ಪಲಟನ್ನಿನಲ್ಲಿ. 1962ರ ನವೆಂಬರ್ 18ರಂದು ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ತುಕಡಿಯ ಬಹುಪಾಲು ಜವಾನರು ಮಡಿದದ್ದು ಹದಿಮೂರನೇ ಪಲಟನ್ನಿನಲ್ಲಿ. ಯುದ್ಧ ಮುಗಿದ ಮೇಲೆ ಜನ ಅಲ್ಲಿಗೆ ಹೋದಾಗ ಅವರು ಮೋರ್ಚಾಗಳಲ್ಲೇ ಇದ್ದರು. ರೆಜಾಂಗ್ ಲಾದ ಹೆಸರು ಕೇಳಿದಾಗ ಅದು ದೂರದ ಊರೆಂದು ನನಗೆ ಅನ್ನಿಸುವುದಿಲ್ಲ.

ಈ ಋಣವನ್ನು ರೆಜಿಮೆಂಟುಗಳು ಹೇಗೆ ತೀರಿಸುತ್ತವೆ? ಪ್ರತಿಯೊಂದಕ್ಕೂ ಒಂದು ಕೇಂದ್ರ, ಕೇಂದ್ರದಲ್ಲಿ ಒಂದು ಸ್ಮಾರಕ. ನಮಗೆ ಹತ್ತಿರದ್ದು ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ. ಅಲ್ಲಿನ ಸ್ಮಾರಕಕ್ಕೆ ಶರ್ಕತ್ ಎಂಬ ಹೆಸರು, 1918ರಲ್ಲಿ ಮೆಸೊಪೊಟೇಮಿಯಾದಲ್ಲಿ ನಡೆದ ಕಾಳಗದ ನೆನಪಿಗೆ. ಸ್ಥಾಪನಾ ದಿನ, ರಣದ ದಿನಗಳಂದು ಮೊದಲು ಹೂಚಕ್ರ. ‘ಶೋಕ ಶಸ್ತ್ರ’ ಎಂಬ ಆಜ್ಞೆಗೆ ರೈಫಲ್ಲುಗಳ ಮೂತಿ ನೆಲದ ಕಡೆ ತಿರುಗುತ್ತದೆ, ತಲೆಗಳು ಬಾಗುತ್ತವೆ. ಬ್ಯೂಗಲ್ಲಿನಲ್ಲಿ ಲಾಸ್ಟ್ ಪೋಸ್ಟ್, ಎರಡು ನಿಮಿಷ ಮೌನ. ಮಡಿದವರ ಮನೆಯ ವೀರನಾರಿಯರನ್ನು ಕರೆದು ಗೌರವಿಸುತ್ತಾರೆ. ಇದೆಲ್ಲ ಆದ ಮೇಲೆ ಬಡಾಖಾನಾ: ಕರ್ನಲ್ ಸಾಹೇಬರಿಂದ ಹೊಸ ಜವಾನನವರೆಗೆ ಎಲ್ಲರೂ ಕೂಡಿ ಉಣ್ಣುವ ಊಟ. ಮೊದಲು ಹೂ, ಆಮೇಲೆ ಅನ್ನ. ಆತಕೂರಿನ ಗೊರವನಿಗೆ ಹಾಕಿದ ಕಟ್ಟಳೆ ಸಾವಿರ ವರ್ಷ ದಾಟಿ ಇಲ್ಲಿಗೆ ಬಂದಿದೆ ಎಂದೇ ನನ್ನ ಮನಸ್ಸಿಗೆ ತೋರುತ್ತದೆ. ಅರುಣಾಚಲದ ಜಸವಂತಗಢದಲ್ಲಂತೂ 1962ರಲ್ಲಿ ಮಡಿದ ಗಢವಾಲ್ ರೈಫಲ್ಸ್‌ನ ಜಸವಂತ್ ಸಿಂಗ್ ರಾವತ್‌ಗೆ ಇಂದಿಗೂ ಹಾಸಿಗೆ ಹಾಸಿ ಚಹಾ ಇಡುತ್ತಾರೆ.

ಎಲ್ಲ ಸ್ಮಾರಕಗಳೂ ಹೀಗೆ ಮನಸ್ಸಿಟ್ಟು ಕಟ್ಟಿದವಲ್ಲ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಸತ್ತವರಿಗೆ ಇರಾಕಿನ ಬಾಸ್ರಾದಲ್ಲಿ ದೊಡ್ಡ ಸ್ಮಾರಕ ಕಟ್ಟಿದರು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಿದರು, ಭಾರತದ ಸಾಮಾನ್ಯ ಸಿಪಾಯಿಗಳಿಗೆ ಪಲಟನ್ ಹೆಸರಿನ ಕೆಳಗೆ ಬರೀ ಸಂಖ್ಯೆ. ಆತಕೂರಿನವರು ನಾಯಿಯ ಹೆಸರನ್ನೂ ಬರೆದಿದ್ದರು. ಬಾಸ್ರಾದಲ್ಲಿ ಈ ಮನುಷ್ಯರ ಹೆಸರು ಬರೆಯಲಿಲ್ಲ. ಇಂಥ ಭೇದಭಾವಕ್ಕೆ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ ಕ್ಷಮೆ ಕೇಳಿದ್ದು 2021ರಲ್ಲಿ. ದೆಹಲಿಯ ತೀನ್ ಮೂರ್ತಿಯ ಮೂವರು ಕಂಚಿನ ಸೈನಿಕರಿಗೂ ಹೆಸರಿಲ್ಲ. ಮೈಸೂರು, ಹೈದರಾಬಾದ್, ಜೋಧಪುರ ಸಂಸ್ಥಾನಗಳ ಅಶ್ವದಳಗಳ ಗುರುತು ಅವರು. ಮೈಸೂರು, ಜೋಧಪುರದ ಸವಾರರು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ಭರ್ಜಿ ಹಿಡಿದು ನುಗ್ಗಿದ್ದು ಶಾಲೆಯ ಪುಸ್ತಕಕ್ಕೂ ಬರಬೇಕಾದ ಕತೆ. ಆಗ ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿತ್ತು, ಹಾಗಾಗಿ ಮೂವರಲ್ಲಿ ಇಬ್ಬರಿಗೆ ಇಂದಿನ ಕರ್ನಾಟಕದ ನೆಲದ ನಂಟಿದೆ. 2019ರಲ್ಲಿ ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕ ಹಳೆಯ ತಪ್ಪು ಮಾಡಲಿಲ್ಲ. ಅಲ್ಲಿನ ತ್ಯಾಗಚಕ್ರದ ಗೋಡೆಗಳಲ್ಲಿ ಸ್ವಾತಂತ್ರ್ಯಾನಂತರ ಮಡಿದ 25 ಸಾವಿರಕ್ಕೂ ಹೆಚ್ಚು ಜನರ ಹೆಸರಿದೆ, ಒಬ್ಬೊಬ್ಬರಿಗೆ ಒಂದೊಂದು ಕಲ್ಲು.

ಆ ಗೋಡೆಯ ಹೆಸರುಗಳಲ್ಲಿ ಸಿಯಾಚಿನ್ನಿನಲ್ಲಿ ಮಡಿದವರೂ ಇದ್ದಾರೆ. 2016ರ ಫೆಬ್ರುವರಿ 3ರಂದು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮ ಕುಸಿದು 19ನೇ ಮದ್ರಾಸ್ ಪಲಟನ್ನಿನ ಹತ್ತು ಜನ ಹೂತುಹೋದರು. ಹಿಮದ ಗಡ್ಡೆಗಳನ್ನು ಕೊರೆದು ಹುಡುಕಿದರು, ಹುಡುಕಾಟದಲ್ಲಿ ನಾಯಿಗಳೂ ಇದ್ದವು. ಆರು ದಿನದ ಮೇಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಿರುವುದು ಕಂಡಿತು. ಇಡೀ ನಾಡು ಗುಡಿ, ಮಸೀದಿ, ಚರ್ಚುಗಳಲ್ಲಿ ಬೇಡಿಕೊಂಡಿತು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹನುಮಂತಪ್ಪನವರ ಹೆಸರು ನಮಗೆಲ್ಲ ಬಾಯಿಪಾಠ. ಅದೇ ಹಿಮದಡಿ ಹೋದ ಉಳಿದ ಒಂಬತ್ತು ಜನರ ಹೆಸರು ಹೇಳಬಲ್ಲವರು ಎಷ್ಟು ಜನ? ಅವರಲ್ಲಿ ಹಾಸನ, ಮೈಸೂರು ಸೀಮೆಯ ಮಕ್ಕಳೂ ಇದ್ದರು.

ಹೇಳಬಲ್ಲವರು ಪಲಟನ್ನಿನವರೇ. ನಮ್ಮ ದೊಡ್ಡಪ್ಪ ಮದ್ರಾಸ್ ರೆಜಿಮೆಂಟಿನಿಂದ ನಿವೃತ್ತರಾಗಿ ಬಂದು ಬಹಳ ವರ್ಷವಾಯಿತು. ಕೋಣೆಯ ಮೂಲೆಯಲ್ಲಿ ಕಪ್ಪು ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು ಅಲ್ಲಲ್ಲಿ ಉದುರಿದೆ. ಒಳಗೆ ನ್ಯಾಫ್ತಲಿನ್ ಗುಳಿಗೆಯ ವಾಸನೆ, ಮಡಚಿದ ಉಣ್ಣೆಯ ಸ್ವೆಟರು, ಗಾಜು ಸೀಳಿದ ಒಂದು ಗುಂಪು ಫೋಟೊ. ಹಿಂದಿನ ಕಾಗದದಲ್ಲಿ ಬರೆದಿದ್ದ ಹೆಸರುಗಳನ್ನು ಗೆದ್ದಲು ತಿಂದಿದೆ. ಕಳೆದ ಸಲ ಊರಿಗೆ ಹೋದಾಗ ಮಧ್ಯಾಹ್ನದ ಊಟಕ್ಕೆ ಮೊದಲು ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

“ದೊಡ್ಡಪ್ಪ, ನಿಮ್ಮ ಬಾಜು ನಿಂತವರು ಯಾರು?”

“ಇಂವ ನನ್ನ ಬಡ್ಡಿ,” ಅಂದರು.

ಸೈನ್ಯದಲ್ಲಿ ಇಬ್ಬಿಬ್ಬರ ಜೋಡಿ ಕಟ್ಟುತ್ತಾರೆ. ಕಾವಲು, ನಿದ್ದೆ, ನೀರು, ಗಾಯ ಎಲ್ಲದರಲ್ಲೂ ಒಬ್ಬರಿಗೊಬ್ಬರು. ಆ ಜೊತೆಗಾರನನ್ನು ‘ಬಡ್ಡಿ’ ಎನ್ನುತ್ತಾರೆ. ಇಂಗ್ಲಿಷಿನ ಮಾತು ಅದು. ಸಾಲದ ಬಡ್ಡಿ ಕಟ್ಟುತ್ತ ಬೆಳೆದ ನಮ್ಮ ಒಕ್ಕಲು ಮನೆಯಲ್ಲಿ ಆ ಶಬ್ದಕ್ಕೆ ಬೇರೆಯೇ ಭಾರ ಬಂತು. ಆತ ಗಡಿಯಿಂದ ಮರಳಲಿಲ್ಲ. ಹೇಗೆ ಎಂದು ದೊಡ್ಡಪ್ಪ ಯಾವತ್ತೂ ಹೇಳಿಲ್ಲ, ನಾನೂ ಕೇಳಿಲ್ಲ.

ಅವರು ಎಡಗಡೆಯಿಂದ ಶುರು ಮಾಡಿದರು. ಬೆರಳು ಒಂದೊಂದು ಮುಖದ ಮೇಲೆ ನಿಲ್ಲುತ್ತಿತ್ತು. ಹೆಸರು, ಊರು, ಜಿಲ್ಲೆ. ಕೇರಳದವರು, ತಮಿಳುನಾಡಿನವರು, ಆಂಧ್ರದವರು, ನಮ್ಮವರು. ಕೆಲವು ಹೆಸರು ಆದ ಮೇಲೆ ಬೆರಳು ಒಂದು ಕ್ಷಣ ಹೆಚ್ಚು ನಿಲ್ಲುತ್ತಿತ್ತು. ಹಿಂದಿನ ಸಾಲಿನ ಕೊನೆಯ ಹುಡುಗನವರೆಗೆ ಎಲ್ಲೂ ತಡವರಿಸಲಿಲ್ಲ. ಆಮೇಲೆ ಫೋಟೊವನ್ನು ಪಂಚೆಯ ಅಂಚಿನಿಂದ ಒರೆಸಿ ಟ್ರಂಕಿನಲ್ಲಿಟ್ಟು ನನ್ನ ಕಡೆ ತಿರುಗಿದರು.

“ಏಳು, ಕೈ ತೊಳಕೊ. ರೊಟ್ಟಿ ಆರ್ತಾವ.”