ಗಣಕದೊಳಗಿನ ಓಲೆಕಾರರು

‘ಬಸವನಗುಡಿ’ ಎಂದು ಗಣಕದಲ್ಲಿ ಬೆರಳಚ್ಚಿಸುವಾಗ ಕೊನೆಯ ‘ಡಿ’ ಮೂಡುವ ಬಗೆಯನ್ನು ವಿಚಾರಿಸೋಣ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ‘ಐ’ ಎಂಬ ಇಂಗ್ಲಿಷ್ ಕೀಲಿಯು ಪದದ ಮೊದಲಲ್ಲಿ ‘ಇ’ ಸ್ವರವನ್ನೂ, ವ್ಯಂಜನದ ಬಳಿಕ ಗುಡಿಸನ್ನೂ ಕೊಡುತ್ತದೆ. ಆದುದರಿಂದ ಹಿಂದಿನ ಅಕ್ಷರವನ್ನು ನೆನಪಿಟ್ಟುಕೊಳ್ಳುವ ಲಿಪಿ ತಂತ್ರಾಂಶವೊಂದು ಅವಶ್ಯಕ.

ಲಿನಕ್ಸ್ ಗಣಕಗಳ ಐಬಸ್ ವ್ಯವಸ್ಥೆಯಲ್ಲಿ ಇದು ಬರೆವಣಿಗೆಯ ತಂತ್ರಾಂಶದಿಂದ ಬೇರೆಯಾದ ಪ್ರಕ್ರಿಯೆಯಾಗಿ ನಡೆಯುತ್ತದೆ. ಒಂದರ ಸ್ಮೃತಿಯನ್ನು ಮತ್ತೊಂದು ಮುಟ್ಟದಂತೆ ಕಾರ್ಯಾಚರಣ ವ್ಯವಸ್ಥೆಯು ಕಾಯುತ್ತಿರುತ್ತದೆ. ಇವೆರಡರ ವ್ಯವಹಾರವೆಲ್ಲ ಸಂದೇಶಗಳ ಮೂಲಕವೇ. ‘ಈ ಕೀಲಿಯನ್ನು ಒತ್ತಲಾಗಿದೆ’ ಎಂಬ ಸಂದೇಶವು ಡಿ-ಬಸ್ ಎಂಬ ನಿಯಮಾವಳಿಯಂತೆ ಹೋಗುತ್ತದೆ. ‘ಈ ಅಕ್ಷರವನ್ನು ಸೇರಿಸು’ ಎಂಬ ಉತ್ತರವು ಹಿಂದಿರುಗುತ್ತದೆ.

ಸಂದೇಶಗಳ ಸರದಿ ತಪ್ಪಬಾರದು. ‘ಡ’ಕಾರಕ್ಕಿಂತ ಮೊದಲೇ ‘ಐ’ ತಲಪಿದರೆ ‘ಡಿ’ ಮೂಡದು. ಉತ್ತರಕ್ಕಾಗಿ ಬರೆವಣಿಗೆಯ ತಂತ್ರಾಂಶವು ಬೇರೆಲ್ಲ ಕೆಲಸವನ್ನು ನಿಲ್ಲಿಸಿ ಕಾದರೆ, ಉತ್ತರ ತಡವಾದಾಗ ಅದರ ಕಿಟಕಿಯೇ ಸ್ತಬ್ಧವಾಗುತ್ತದೆ.

ಇಷ್ಟು ತೊಡಕೇಕೆ? ಲಿಪಿ ತಂತ್ರಾಂಶವು ಕೆಟ್ಟು ನಿಂತರೂ ಅದುವರೆಗೆ ಬರೆದ ಲೇಖನವು ಉಳಿಯಲಿ ಎಂದು. 2008ರಲ್ಲಿ ಹೊರಬಂದ ಕ್ರೋಮ್ ಜಾಲದರ್ಶಕವೂ ಇದೇ ಕಾರಣದಿಂದ ತನ್ನ ಕೆಲಸವನ್ನು ಹಲವು ಪ್ರಕ್ರಿಯೆಗಳಿಗೆ ಹಂಚಿತು. ನಡುವೆ ಗೋಡೆಯಿದ್ದರೆ ಸಂದೇಶಕ್ಕೆ ತುಸು ಕಾಲ ವ್ಯಯವಾಗುತ್ತದೆ. ಆದರೆ ಒಂದರ ಕೇಡು ಮತ್ತೊಂದಕ್ಕೆ ಹರಡುವುದಿಲ್ಲ.