ಪರೀಕ್ಷೆ ಸೂತಕವಲ್ಲ: ವಿಮಾನ ನಿಲ್ದಾಣದ ಕೋವಿಡ್ ನಿಯಮಗಳು ಕಲಿಸಿದ ಪಾಠ

ಹನ್ನೆರಡನೆಯ ಶತಮಾನದ ಶರಣರು ಸಮಾಜಕ್ಕೆ ಕರುಣಿಸಿದ ಬಿಡುಗಡೆಗಳಲ್ಲಿ ಪಂಚಸೂತಕಗಳ ನಿರಾಕರಣೆಯೂ ಒಂದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಇವುಗಳಿಂದ ಮನುಷ್ಯನಿಗೆ ಮೈಲಿಗೆ ತಟ್ಟುವುದೆಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಲಿಂಗವನ್ನು ಧರಿಸಿದ ಅಂಗಕ್ಕೆ ಹೊರಗಿನ ಹೊಲೆ ಅಂಟದು ಎಂಬುದು ಅವರ ನಿಲುವು. ಆದರೆ 2020ರ ಮಾರ್ಚ್ ತಿಂಗಳಿನಿಂದ ಮೊದಲ್ಗೊಂಡು ನಮ್ಮ ನಡುವೆಯೇ ಆರನೆಯದೊಂದು ಸೂತಕ ತಲೆಯೆತ್ತಿತು. ಅದು ವಿದೇಶದಿಂದ ಬಂದವರ ಸೂತಕ. ವೈಟ್‌ಫೀಲ್ಡ್‌ನ ಬಹುಮಹಡಿ ವಸತಿಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆ ಮನೆಗಳಲ್ಲಿ, ಪೀಣ್ಯದ ಕಾರ್ಮಿಕರ ವಠಾರಗಳಲ್ಲಿ ಅದರ ಬಿಸಿ ತಟ್ಟದವರು ವಿರಳ. ಮಗ ಅಮೆರಿಕದಿಂದ ಬಂದನೆಂದು ಹಾಲು ಹಾಕುವವರು ಗೇಟಿನಿಂದಲೇ ಹಿಂದಿರುಗಿದ ಉದಾಹರಣೆಗಳನ್ನು ಭಕ್ತರೇ ಶ್ರೀಮಠಕ್ಕೆ ಬಂದಾಗ ಹೇಳಿಕೊಂಡಿದ್ದಾರೆ.

ಪ್ರಯಾಣಿಕರ ಪರೀಕ್ಷಾ ನಿಯಮಗಳು ಇಂದು ಜಾರಿಯಲ್ಲಿಲ್ಲ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಕುರಿತ ಜಾಗತಿಕ ತುರ್ತುಸ್ಥಿತಿಯನ್ನು ಹಿಂತೆಗೆದುಕೊಂಡಿತು. ಆದರೂ ಮತ್ತೊಂದು ಸಾಂಕ್ರಾಮಿಕ ಬಂದಾಗ ಇಂತಹುದೇ ನಿಯಮಗಳು ಮರಳಿ ಬರುವುದು ಖಚಿತ. ಆ ನಿಯಮಗಳ ಹಿಂದಿನ ತರ್ಕವೇನು, ಜನರ ಅಸಮಾಧಾನದಲ್ಲಿ ನ್ಯಾಯವಾದುದೆಷ್ಟು, ಭಯದಿಂದ ಹುಟ್ಟಿದುದೆಷ್ಟು ಎಂಬುದನ್ನು ನೆಮ್ಮದಿಯ ಈ ಕಾಲದಲ್ಲಿಯೇ ವಿವೇಚಿಸುವುದು ಒಳಿತು.

ಜ್ವರಮಾಪಕಕ್ಕೆ ಸಿಗದ ರೋಗ

ನಮ್ಮ ರಾಜ್ಯದಲ್ಲಿ ಮೊದಲ ಕೋವಿಡ್ ಪ್ರಕರಣವನ್ನು ಸರ್ಕಾರ ಪ್ರಕಟಿಸಿದ್ದು 2020ರ ಮಾರ್ಚ್ 9ರಂದು. ಸೋಂಕಿತರು ಅಮೆರಿಕದಿಂದ ಮಾರ್ಚ್ 1ರಂದು ಬೆಂಗಳೂರಿಗೆ ಮರಳಿದ್ದ ಸಾಫ್ಟ್‌ವೇರ್ ಉದ್ಯೋಗಿ. ಆಗ ನಿರ್ದಿಷ್ಟ 12 ದೇಶಗಳಿಂದ ಬಂದವರನ್ನು ಮಾತ್ರ ತಪಾಸಣೆಗೆ ಒಳಪಡಿಸಲಾಗುತ್ತಿತ್ತು. ಎಲ್ಲ ಅಂತರರಾಷ್ಟ್ರೀಯ ಪ್ರಯಾಣಿಕರ ತಪಾಸಣೆಯ ನಿರ್ಧಾರ ಹೊರಬಿದ್ದದ್ದು ಮಾರ್ಚ್ 4ರಂದು. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದೂ ನಮ್ಮ ಕಲಬುರಗಿಯಲ್ಲಿಯೇ. ಫೆಬ್ರವರಿ 29ರಂದು ಸೌದಿ ಅರೇಬಿಯಾದಿಂದ ಹೈದರಾಬಾದ್ ವಿಮಾನ ನಿಲ್ದಾಣದ ಮೂಲಕ ಮರಳಿದ್ದ 76 ವರ್ಷದ ಹಿರಿಯರು ಮಾರ್ಚ್ 10ರಂದು ಲಿಂಗೈಕ್ಯರಾದವರಂತೆಯೇ ಈ ಲೋಕವನ್ನು ಅಗಲಿದರು. ನಿಲ್ದಾಣದಲ್ಲಿ ತಪಾಸಣೆ ನಡೆದಾಗ ಅವರಲ್ಲಿ ರೋಗದ ಲಕ್ಷಣವೇ ಇರಲಿಲ್ಲ.

ಈ ಎರಡು ಪ್ರಕರಣಗಳು ಒಂದೇ ಸತ್ಯವನ್ನು ಸಾರುತ್ತವೆ. ಹಣೆಗೆ ಹಿಡಿದ ಜ್ವರಮಾಪಕ ಕಂಡುಹಿಡಿಯುವುದು ಜ್ವರವನ್ನು; ಸೋಂಕನ್ನಲ್ಲ. ದೇಹದೊಳಗೆ ವೈರಾಣು ಹೊಕ್ಕ ಮೇಲೆ ಲಕ್ಷಣಗಳು ಕಾಣಿಸಿಕೊಳ್ಳಲು ಆರಂಭದ ತಳಿಯಲ್ಲಿ ಸರಾಸರಿ ಐದಾರು ದಿನ, ಕೆಲವರಲ್ಲಿ 14 ದಿನಗಳವರೆಗೂ ಬೇಕಾಗುತ್ತಿತ್ತು. ಒಮಿಕ್ರಾನ್ ತಳಿಯಲ್ಲಿ ಈ ಅವಧಿ ಸುಮಾರು ಮೂರು ದಿನಕ್ಕೆ ಇಳಿಯಿತು. ಭೂಮಂಡಲದ ಯಾವುದೇ ಮೂಲೆಯಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಒಂದೆರಡು ದಿನದೊಳಗೆ ಬಂದಿಳಿಯಬಹುದಾದುದರಿಂದ ರೋಗಕ್ಕಿಂತ ಮೊದಲೇ ರೋಗಿ ಊರು ಸೇರಿರುತ್ತಾನೆ.

ಮೂರು ಬಾರಿ ಪರೀಕ್ಷೆ ಏಕೆ?

ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಮೂಗು ಮತ್ತು ಗಂಟಲಿನಿಂದ ತೆಗೆದ ದ್ರವದಲ್ಲಿರುವ ವೈರಾಣುವಿನ ಆರ್‌ಎನ್‌ಎ ತುಣುಕನ್ನು ಮೊದಲು ಡಿಎನ್‌ಎ ರೂಪಕ್ಕೆ ತಿರುಗಿಸುತ್ತಾರೆ. ಬಳಿಕ ಅದನ್ನು ಮತ್ತೆ ಮತ್ತೆ ಇಮ್ಮಡಿಗೊಳಿಸುತ್ತಾರೆ. ಲೆಕ್ಕದ ಪ್ರಕಾರ 30 ಆವೃತ್ತಿಗಳಲ್ಲಿ ಒಂದು ತುಣುಕು ನೂರು ಕೋಟಿಯನ್ನು ಮೀರುತ್ತದೆ. ಹೀಗೆ ಹೆಚ್ಚಿದಾಗ ಅದರ ಇರವು ಯಂತ್ರಕ್ಕೆ ಗೋಚರವಾಗುತ್ತದೆ. ಪರೀಕ್ಷೆ ಇಷ್ಟು ಸೂಕ್ಷ್ಮವಾಗಿದ್ದರೂ ಸೋಂಕು ತಗುಲಿದ ಮೊದಲ ಒಂದೆರಡು ದಿನ ಗಂಟಲಿನಲ್ಲಿ ವೈರಾಣುವೇ ಸಾಕಷ್ಟು ಇರದೆ ಫಲಿತಾಂಶ ನೆಗೆಟಿವ್ ಎಂದು ಬರಬಹುದು. ಹೊರಡುವ ಮುನ್ನ ಪಡೆದ ವರದಿಯು ಆ ಕ್ಷಣದ ಸ್ಥಿತಿಯನ್ನು ತಿಳಿಸುತ್ತದೆಯೇ ಹೊರತು ಮುಂದಿನ ವಾರಕ್ಕೆ ಅಭಯಪತ್ರವಾಗದು.

2021ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. ಎಲ್ಲ ಪ್ರಯಾಣಿಕರೂ ಹೊರಡುವ ಮುನ್ನ 72 ಗಂಟೆಗಳೊಳಗಿನ ನೆಗೆಟಿವ್ ವರದಿಯನ್ನು 'ಏರ್ ಸುವಿಧಾ' ಜಾಲತಾಣಕ್ಕೆ ಏರಿಸಬೇಕಿತ್ತು. ಅಪಾಯದ ದೇಶಗಳೆಂದು ಗುರುತಿಸಲಾದ ಕಡೆಯಿಂದ ಬಂದವರು ನಿಲ್ದಾಣದಲ್ಲಿಯೇ ಪರೀಕ್ಷೆ ಮಾಡಿಸಿಕೊಂಡು, ಫಲಿತಾಂಶ ಬರುವವರೆಗೆ ಕಾದು, ನೆಗೆಟಿವ್ ಬಂದರೂ ಏಳು ದಿನ ಮನೆಯಲ್ಲಿ ಪ್ರತ್ಯೇಕವಾಗಿದ್ದು, ಎಂಟನೆಯ ದಿನ ಮತ್ತೆ ಪರೀಕ್ಷೆಗೆ ಒಳಗಾಗಬೇಕಿತ್ತು. ಉಳಿದ ದೇಶಗಳಿಂದ ಬಂದವರಲ್ಲಿ ಶೇಕಡಾ 2ರಷ್ಟು ಮಂದಿಯ ಮಾದರಿಯನ್ನು ಮಾತ್ರ ಸಂಗ್ರಹಿಸಲಾಗುತ್ತಿತ್ತು. ಮೊದಲ ಜರಡಿಯಲ್ಲಿ ಸೋರಿದ್ದು ಎರಡನೆಯದರಲ್ಲಿ, ಅಲ್ಲಿ ಸೋರಿದ್ದು ಮೂರನೆಯದರಲ್ಲಿ ನಿಲ್ಲಲಿ ಎಂಬುದು ಇದರ ಆಶಯ.

ನಿಯಮ ಜಾರಿಯಾದ ಮರುದಿನ, ಡಿಸೆಂಬರ್ 2ರಂದು, ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ದೃಢಪಟ್ಟ ಸುದ್ದಿ ಬಂದಿತು. ಒಬ್ಬರು ನವೆಂಬರ್ 20ರಂದು ನೆಗೆಟಿವ್ ವರದಿಯೊಂದಿಗೇ ಬಂದಿಳಿದು, ಇಲ್ಲಿ ಪಾಸಿಟಿವ್ ಆಗಿ, ನವೆಂಬರ್ 27ರಂದು ದೇಶ ಬಿಟ್ಟಿದ್ದ ದಕ್ಷಿಣ ಆಫ್ರಿಕಾದ ಪ್ರಜೆ. ಇನ್ನೊಬ್ಬರು ವಿದೇಶವನ್ನೇ ಕಾಣದ ನಗರದ ವೈದ್ಯರು. ಎರಡನೆಯ ಪ್ರಕರಣವು ಮೊದಲನೆಯದಕ್ಕಿಂತ ಮಹತ್ವದ್ದು. ಬಾಗಿಲು ಕಾಯುವವರು ಎಚ್ಚರಗೊಳ್ಳುವ ಮುನ್ನವೇ ಹೊಸ ತಳಿ ಮನೆಯೊಳಗೆ ಬಂದು ಕುಳಿತಿತ್ತು. ಗಡಿಯ ಪರೀಕ್ಷೆಯಿಂದ ಸಾಂಕ್ರಾಮಿಕವನ್ನು ತಡೆಯಲಾಗದು. ಅದರ ವೇಗವನ್ನು ತುಸು ತಗ್ಗಿಸಬಹುದು, ಹೊಸ ತಳಿಯ ಸುಳಿವನ್ನು ಬೇಗ ಪಡೆಯಬಹುದು, ಆಸ್ಪತ್ರೆಗಳಿಗೆ ಸಿದ್ಧತೆಯ ಕಾಲಾವಕಾಶ ಒದಗಿಸಬಹುದು. ಸಂಪೂರ್ಣ ಪ್ರಯಾಣ ನಿಷೇಧದಿಂದ ರೋಗದ ಹರಡುವಿಕೆ ನಿಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಆಗ ಎಚ್ಚರಿಸಿತ್ತು.

ಅಸಮಾಧಾನದ ಎರಡು ಮುಖಗಳು

ಜನರು ಗೊಣಗಿದ್ದರಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಹದಿನೆಂಟು, ಇಪ್ಪತ್ತು ತಾಸು ಪ್ರಯಾಣ ಮಾಡಿ ಬಂದ ವೃದ್ಧರು, ಬಾಣಂತನಕ್ಕೆಂದು ಮಗಳ ಮನೆಗೆ ಹೋಗಿ ಮರಳಿದ ತಾಯಂದಿರು, ಕೈಗೂಸಿನೊಡನೆ ಬಂದ ದಂಪತಿಗಳು ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾಯಬೇಕಾಯಿತು. ಬೇಗ ಫಲಿತಾಂಶ ಬೇಕೆಂದವರು ಹೆಚ್ಚು ಹಣ ತೆತ್ತರು, ತೆರಲಾಗದವರು ಹೆಚ್ಚು ಹೊತ್ತು ಕುಳಿತರು. ಹಣವುಳ್ಳವನಿಗೆ ಬೇಗ, ಇಲ್ಲದವನಿಗೆ ತಡ ಎಂಬ ಏರ್ಪಾಟು ಆರೋಗ್ಯದ ನಿಯಮಕ್ಕೆ ಶೋಭಿಸದು. ನಿಯಮಗಳು ಪದೇ ಪದೇ ಬದಲಾದದ್ದೂ ನಿಜ. 2022ರ ಜನವರಿ 11ರಿಂದ ಎಲ್ಲ ದೇಶಗಳವರಿಗೂ ಏಳು ದಿನಗಳ ಗೃಹವಾಸ ಕಡ್ಡಾಯವಾಯಿತು. ಫೆಬ್ರವರಿ 14ರಿಂದ ಅದೇ ನಿಯಮ ರದ್ದಾಗಿ ಸ್ವಯಂ ನಿಗಾ ಸಾಕೆಂದಾಯಿತು. ಟಿಕೆಟ್ ಕೊಂಡಾಗ ಇದ್ದ ನಿಯಮ ವಿಮಾನ ಏರುವಾಗ ಇರುತ್ತದೆಂಬ ಭರವಸೆ ಇರಲಿಲ್ಲ.

ಕೆಲವೊಮ್ಮೆ ನಿಯಮಗಳ ಹಿಂದೆ ವೈದ್ಯಶಾಸ್ತ್ರಕ್ಕಿಂತ ರಾಜಕಾರಣವೇ ಮುಂದಿತ್ತು. ಬ್ರಿಟನ್ ಭಾರತದ ಲಸಿಕಾ ಪ್ರಮಾಣಪತ್ರವನ್ನು ಮಾನ್ಯಮಾಡದಿದ್ದಾಗ, 2021ರ ಅಕ್ಟೋಬರ್ 4ರಿಂದ ಅಲ್ಲಿಯ ಪ್ರಜೆಗಳಿಗೆ ಭಾರತವೂ ಮೂರು ಪರೀಕ್ಷೆ ಮತ್ತು ಹತ್ತು ದಿನಗಳ ಪ್ರತ್ಯೇಕ ವಾಸವನ್ನು ವಿಧಿಸಿತು. ಬ್ರಿಟನ್ ತನ್ನ ನಿಯಮ ಸಡಿಲಿಸಿದೊಡನೆ ಭಾರತವೂ ಸಡಿಲಿಸಿತು. ಆ ಹತ್ತು ದಿನಗಳಲ್ಲಿ ವೈರಾಣುವಿನ ಸ್ವಭಾವವೇನೂ ಬದಲಾಗಿರಲಿಲ್ಲ. ಹೊಸ ತಳಿಯನ್ನು ಪತ್ತೆಮಾಡಿ ಜಗತ್ತಿಗೆ ಪ್ರಾಮಾಣಿಕವಾಗಿ ತಿಳಿಸಿದ ದಕ್ಷಿಣ ಆಫ್ರಿಕಾಕ್ಕೆ ಅನೇಕ ದೇಶಗಳು ಬಾಗಿಲು ಮುಚ್ಚಿದ್ದು ಇನ್ನೊಂದು ಅನ್ಯಾಯ. ಸತ್ಯ ನುಡಿದವರನ್ನು ದಂಡಿಸಿದರೆ ಮುಂದಿನ ಸಲ ಸತ್ಯ ನುಡಿಯುವವರು ಯಾರು?

ಅಸಮಾಧಾನದ ಇನ್ನೊಂದು ಮುಖ ಭಯದ್ದು. 2020ರ ಮಾರ್ಚ್‌ನಲ್ಲಿ ವಿದೇಶದಿಂದ ಬಂದವರ ಕೈಗೆ ಮುದ್ರೆ ಒತ್ತಲಾಯಿತು. ಗೃಹವಾಸದಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರ ಬಹಿರಂಗಪಡಿಸಿತು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ಮೊಬೈಲಿನಲ್ಲಿ ತಮ್ಮದೇ ಭಾವಚಿತ್ರ ತೆಗೆದು ಕಳುಹಿಸಬೇಕೆಂಬ ಆದೇಶವೂ ಬಂದಿತು. ನಿಯಮ ಮುರಿದು ಹೊರಗೆ ಅಲೆದವರೂ ಇದ್ದುದರಿಂದ ಆಡಳಿತಕ್ಕೆ ಬಿಗಿ ಅನಿವಾರ್ಯವೆನಿಸಿರಬಹುದು. ಆದರೆ ವಿಳಾಸ ಬಹಿರಂಗವಾದೊಡನೆ ಆ ಮನೆಗಳತ್ತ ನೆರೆಹೊರೆಯವರು ಬೆರಳು ತೋರಿಸತೊಡಗಿದರು. ಅವಮಾನಕ್ಕೆ ಅಂಜಿದವನು ಮುಂದಿನ ಬಾರಿ ತನ್ನ ಪ್ರಯಾಣವನ್ನೂ ಕೆಮ್ಮನ್ನೂ ಮುಚ್ಚಿಡುತ್ತಾನೆ. ಮುಚ್ಚಿಟ್ಟ ಸೋಂಕು ತೆರೆದಿಟ್ಟ ಸೋಂಕಿಗಿಂತ ಅಪಾಯಕಾರಿ.

ಬೆಂಗಳೂರಿಗೆ ಇದು ಹೊಸದೇನಲ್ಲ. 1898ರಲ್ಲಿ ಪ್ಲೇಗ್ ರೈಲಿನೊಡನೆ ನಗರವನ್ನು ಹೊಕ್ಕಾಗ ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ನಡೆಯಿತು, ಊರ ಹೊರಗೆ ಶಿಬಿರಗಳು ಎದ್ದವು. ಶಿಬಿರಕ್ಕೆ ಒಯ್ಯುವರೆಂಬ ಭೀತಿಯಿಂದ ಜನರು ರೋಗಿಗಳನ್ನು ಮನೆಯಲ್ಲಿಯೇ ಬಚ್ಚಿಟ್ಟರು. ಆಗ ರೈಲು, ಈಗ ವಿಮಾನ. ಮನುಷ್ಯನ ಅಂಜಿಕೆ ಮಾತ್ರ ಅದೇ.

ಬೆಲೆ ತೆತ್ತವರು

ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಗಳು ಮನೆಯಿಂದಲೇ ದುಡಿಯುವ ಅವಕಾಶ ಪಡೆದರು. ಪೀಣ್ಯದ ಲೇತ್ ಯಂತ್ರವನ್ನಾಗಲಿ, ಗಾರ್ಮೆಂಟ್ಸ್‌ನ ಹೊಲಿಗೆ ಯಂತ್ರವನ್ನಾಗಲಿ ಮನೆಗೆ ಒಯ್ಯಲಾಗದು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾದಾಗ ವಿಮಾನವನ್ನೇ ಹತ್ತದ ಆ ಕಾರ್ಮಿಕರು ವಿಮಾನದಲ್ಲಿ ಬಂದ ರೋಗಕ್ಕೆ ದಿನಗೂಲಿಯನ್ನು ತೆತ್ತರು. ಪೀಣ್ಯಕ್ಕೆ ಅನತಿ ದೂರದಲ್ಲಿ, ತುಮಕೂರು ರಸ್ತೆಯ ಮಾದಾವರದಲ್ಲಿರುವ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರು ರೈಲಿಗಾಗಿ ಕಾದರು. ಅದೇ ವರ್ಷದ ಜುಲೈ ವೇಳೆಗೆ ಆ ಕೇಂದ್ರವನ್ನೇ 10,100 ಹಾಸಿಗೆಗಳ ಕೋವಿಡ್ ಆರೈಕೆ ತಾಣವಾಗಿ ಸಜ್ಜುಗೊಳಿಸಲಾಯಿತು.

ಇದನ್ನು ನೆನೆಯುವುದು ಯಾರನ್ನೂ ದೂಷಿಸಲಿಕ್ಕಲ್ಲ. ನಿಲ್ದಾಣದಲ್ಲಿ ನಾಲ್ಕು ತಾಸು ಕಾಯುವುದು ಕಷ್ಟವೇ. ಆದರೆ ಆ ನಾಲ್ಕು ತಾಸಿನಿಂದ ಉಳಿಯುವುದು ಯಾವುದೋ ವಠಾರದ ನಾಲ್ಕು ವಾರಗಳ ಅನ್ನವಾಗಿರಬಹುದು. ಹಾಗೆ ಕಂಡಾಗ ಪರೀಕ್ಷೆಯು ದಂಡನೆಯಾಗಿ ತೋರದೆ ದಾಸೋಹದ ಒಂದು ರೂಪವಾಗಿ ತೋರುತ್ತದೆ. ತನ್ನ ಅನುಕೂಲದಲ್ಲಿ ಒಂದು ಪಾಲನ್ನು ಕಾಣದ ನೆರೆಯವರಿಗೆ ಅರ್ಪಿಸುವುದೇ ಅಲ್ಲವೇ ದಾಸೋಹ?

ಮುಂದೆ ನಾವೇನು ಮಾಡಬೇಕು?

ಇಂತಹ ಸಂದರ್ಭ ಮತ್ತೆ ಒದಗಿದರೆ ಭಕ್ತರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡುವುದು ಹಿತಕರ.

ವಿದೇಶದಿಂದ ಬಂದವರು ನಿಲ್ದಾಣದ ನೆಗೆಟಿವ್ ವರದಿಯನ್ನು ಅಂತಿಮವೆಂದು ಭಾವಿಸದೆ, ನಿಗದಿತ ದಿನಗಳವರೆಗೆ ಗಾಳಿಯಾಡುವ ಪ್ರತ್ಯೇಕ ಕೋಣೆಯಲ್ಲಿರಬೇಕು. ಮನೆಯವರ ಎದುರು ಮಾಸ್ಕ್ ಧರಿಸಬೇಕು. ಮದುವೆ, ಗೃಹಪ್ರವೇಶ, ಮಠದ ಜಾತ್ರೆ, ಸಾಮೂಹಿಕ ಪ್ರಸಾದಗಳನ್ನು ಆ ದಿನಗಳ ಮಟ್ಟಿಗೆ ಬಿಡಬೇಕು. ಇಷ್ಟಲಿಂಗ ಪೂಜೆಗೆ ಗುಡಿಯೂ ಬೇಡ, ಗುಂಪೂ ಬೇಡ; ಏಕಾಂತವಾಸದ ದಿನಗಳು ಅದಕ್ಕೆ ಅಡ್ಡಿಯಾಗವು.

ಮನೆಯಲ್ಲಿ ವೃದ್ಧರು, ಮಧುಮೇಹಿಗಳು, ಹೃದ್ರೋಗಿಗಳು ಇದ್ದರೆ ಅವರ ಊಟೋಪಚಾರದ ಹೊಣೆಯನ್ನು ಆ ಅವಧಿಯಲ್ಲಿ ಬೇರೆಯವರು ವಹಿಸಿಕೊಳ್ಳಬೇಕು. ಮನೆಗೆಲಸದ ತಾಯಿಯನ್ನೂ ಚಾಲಕನನ್ನೂ ವಿಷಯ ತಿಳಿಸದೆ ಒಳಗೆ ಕರೆಯುವುದು ತಪ್ಪು. ಅಂತೆಯೇ ರಜೆಯ ದಿನಗಳ ಸಂಬಳವನ್ನು ಕಡಿತಗೊಳಿಸುವುದೂ ತಪ್ಪು. ಅವರ ಕಾಯಕ ನಿಂತದ್ದು ನಮ್ಮ ಪ್ರಯಾಣದ ದೆಸೆಯಿಂದ.

ವಸತಿ ಸಂಘಗಳು ಸರ್ಕಾರ ಹೇಳದ ನಿಯಮಗಳನ್ನು ತಾವಾಗಿ ಸೃಷ್ಟಿಸಬಾರದು. ಪ್ರತ್ಯೇಕವಾಸದಲ್ಲಿರುವ ಮನೆಗೆ ಹಾಲು, ತರಕಾರಿ, ಔಷಧ ತಲುಪಿಸುವ ಸರದಿಯನ್ನು ಏರ್ಪಡಿಸಿದರೆ ಅದಕ್ಕಿಂತ ದೊಡ್ಡ ಕಾವಲು ಇನ್ನೊಂದಿಲ್ಲ. ಬೇಕಾದುದು ಬಾಗಿಲಿಗೇ ಬಂದಾಗ ಯಾರೂ ನಿಯಮ ಮುರಿದು ಹೊರಗೆ ಹೋಗಬೇಕಾಗುವುದಿಲ್ಲ.

ಆಡಳಿತ ನಡೆಸುವವರಲ್ಲಿಯೂ ವಿನಂತಿಯೊಂದಿದೆ. ನಿಯಮದ ಕಾರಣವನ್ನು ಸರಳ ಕನ್ನಡದಲ್ಲಿ ತಿಳಿಸಿರಿ, ಕಡ್ಡಾಯವೆಂದ ಪರೀಕ್ಷೆಯನ್ನು ಬಡವರಿಗೆ ಹೊರೆಯಾಗದಂತೆ ನಡೆಸಿರಿ, ರೋಗಿಯ ಹೆಸರು ವಿಳಾಸಗಳನ್ನು ಕಾಪಾಡಿರಿ. ಕಾರಣ ತಿಳಿದ ಪ್ರಜೆ ಪೊಲೀಸರಿಲ್ಲದೆಯೂ ನಿಯಮ ಪಾಲಿಸುತ್ತಾನೆ.

ಸೂತಕವೆಂಬುದು ಮನುಷ್ಯನನ್ನೇ ಹೊಲೆಯೆಂದು ದೂರವಿಡುತ್ತದೆ. ಪ್ರತ್ಯೇಕವಾಸವಾದರೋ ವೈರಾಣುವನ್ನಷ್ಟೇ ಕೆಲವು ದಿನ ದೂರವಿಡುತ್ತದೆ. ಮನುಷ್ಯನ ಘನತೆ, ಅವನೊಡನೆ ಮಾತು, ಅವನ ಊಟೋಪಚಾರ ಎಲ್ಲವೂ ಮೊದಲಿನಂತೆಯೇ ಉಳಿಯಬೇಕು. ಬಾಗಿಲ ಆಚೆ ನಿಂತೇ ಯೋಗಕ್ಷೇಮ ವಿಚಾರಿಸುವ ನೆರೆಯವರು ಪ್ರತಿ ಮನೆಗೂ ದೊರೆಯಲಿ.